ಎಂಟರಲ್ಲಿ ಮೂರನೆಯ ಕಾಲು

ಮೊನ್ನೆ ಕೊರಿಯರಿನವ ಬಂದು ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಡಬ್ಬಿಯನ್ನು ಅಲ್ಲಾಡಿಸಿ ನೋಡಿ, "ಏನೈತ್ರಿ ಸಾವಕಾರ್ರ ಇದರಾಗ? ನೋಡಾಕ ಸಣ್ಣದು, ಆದ್ರ ಅಗದಿ ವಜ್ಜಿ ಐತಿ" ಎಂದು ಕೇಳಿದ.

"ಕಿವಿ" ಅಂದೆ.

"ಕಿವ್ಯಾಗ ಹಾಕ್ಕೊಳ್ಳೂದೇನ್ರಿ?"

"ಅಲ್ಲಪಾ, ಕಿವೀನ. ಕಂಚಿಂದು."

"ಒಂದ?"

"ಒಂದ."

ಅವ ಸ್ವಲ್ಪ ವಿಚಾರ ಮಾಡಿದ. "ಜೋಡಿ ಕಳಸಬೇಕಾಗಿತ್ತಲ್ರಿ ಅವ್ರು. ವಾಪಸ್ ಹಾಕೂದಿದ್ರ ಈಗಽ ಹೇಳ್ರಿ, ಬಂದ ಗಾಡ್ಯಾಗ ಒಯ್ತೇನಿ."

ನಗಬೇಕೆಂದುಕೊಂಡೆ. ನಗು ಬರಲಿಲ್ಲ. ಒಂಟಿ ಕಿವಿ ತರಿಸಿಕೊಂಡವನು ನಾನು. ಜೋಡಿ ಕೇಳಿದವನು ಅವನು. ಇಬ್ಬರಲ್ಲಿ ಯಾರ ತಲೆ ನೆಟ್ಟಗಿದೆ ಎಂದು ಓಣಿಯವರನ್ನು ಕೇಳಿದರೆ ಯಾರ ಕಡೆ ಕೈ ಎತ್ತುತ್ತಾರೆ ಎಂಬುದು ನನಗೆ ಗೊತ್ತು. ಸುಮ್ಮನೆ ಸಹಿ ಮಾಡಿ ಒಳಗೆ ಬಂದೆ.

ನಮ್ಮದು ನವಲಗುಂದ. ಬಸ್ ಸ್ಟ್ಯಾಂಡಿನ ಬಾಜೂಕ ಬೀಜ-ಗೊಬ್ಬರದ ಅಂಗಡಿ. ಹಿಂಗಾರಿಗೆ ಕಡಲೆ, ಮುಂಗಾರಿಗೆ ಹೆಸರು, ಅದರ ನಡುವೆ ಹತ್ತಿ ಬೀಜದ ಪಾಕೀಟು, ಯೂರಿಯಾ ಬಂತೋ ಇಲ್ಲೋ ಎಂಬ ಗದ್ದಲ. ಇಂಥ ಧಂದೆಯವನ ಮನೆಯ ಪಡಸಾಲೆಯಲ್ಲಿ ಕಂಚಿನ ಒಂದು ಬೆನ್ನು, ಒಂದು ಕೈ, ಅರ್ಧ ಮುಖ, ಈಗ ಈ ಕಿವಿ ಯಾಕೆ ಬಂದು ಕೂತಿವೆ ಎಂದು ನೀವು ಕೇಳಬಹುದು. ಕೇಳಿ. ನನಗೂ ಯಾರನ್ನಾದರೂ ಕೇಳಬೇಕೆಂದಿದೆ.

ಪಕ್ಕದ ಮನೆಯ ರಾಜೇಸಾಬ ಕಾಕಾ ಬಸ್ ಕಂಡಕ್ಟರ್ ಆಗಿ ದುಡಿದು ನಿವೃತ್ತರಾದವರು. ಮೊದಲ ಸಲ ಬೆನ್ನಿನ ಮೂರ್ತಿಯನ್ನು ನೋಡಿದಾಗ ಅದರ ಸುತ್ತ ಒಂದು ಸುತ್ತು ಹಾಕಿ, ತಲೆಯಿಲ್ಲ, ತೋಳಿಲ್ಲ, ಸೊಂಟದ ಕೆಳಗೆ ಏನೂ ಇಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು ಕೇಳಿದ್ದರು: "ಶಿವಲಿಂಗಪ್ಪಾ, ಇಂವ ಬಸ್ ಹತ್ತಿದ ಅಂತ ತಿಳಕೋ. ಇಂವಗ ಪೂರ್ತಿ ಟಿಕೀಟ ಹರೀಬೇಕೋ, ಅರ್ಧಾನೋ?"

ಆದರೆ ಅದೇ ಕಾಕಾ ಮರುದಿನ ಮತ್ತೆ ಬಂದು, ಬೆನ್ನಿನ ಎದುರು ಚಹಾ ಹಿಡಿದು ಕೂತು, "ಇದು ನಮ್ಮ ಡ್ರೈವರ್ ಈರಪ್ಪನ ಬೆನ್ನು ನೋಡು. ಹಿಂದಿನ ಸೀಟಿನ್ಯಾಗ ಕುಂತು ವರ್ಷಾನುಗಟ್ಟಲೆ ನೋಡೇನಿ. ನನಗ ಅವನ ಮಾರೀನ ನೆನಪಿಲ್ಲ, ಬೆನ್ನು ನೆನಪೈತಿ" ಅಂದರು. ಹಾಲು ಹಾಕುವ ಕಲ್ಲವ್ವ ಅದನ್ನು ತನ್ನ ಗಂಡನ ಬೆನ್ನು ಅಂದಳು. "ಜಗಳಾಡಿ ಆ ಕಡೆ ಹೊಳ್ಳಿ ಮಕ್ಕೊಂಡಾಗ ಹಿಂಗಽ ಕಾಣತಿತ್ರಿ." ಬೀಜ ಕೊಳ್ಳಲು ಬಂದ ಒಬ್ಬ ರೈತನಿಗಂತೂ ಅದು ತನ್ನದೇ ಬೆನ್ನೆಂದು ಅನ್ನಿಸಿತು. ತನ್ನ ಬೆನ್ನನ್ನು ತಾನು ಯಾವಾಗ ನೋಡಿದ್ದನೋ! ಪೂರ್ತಿ ಮನುಷ್ಯನ ಮೂರ್ತಿ ಒಬ್ಬನದೇ ಆಗಿರುತ್ತದೆ. ಪ್ಯಾಟಿಯ ನಡುವೆ ನಿಲ್ಲಿಸಿದವರ ಕೆಳಗೆ ಹೆಸರು ಕೆತ್ತಿರುತ್ತಾರೆ, ಸಂದೇಹಕ್ಕೆ ಜಾಗವಿಲ್ಲ. ತುಂಡಿಗೆ ಮಾತ್ರ ಬಂದವರೆಲ್ಲ ವಾರಸುದಾರರು.

ಹಾಗೆ ನೋಡಿದರೆ ನಮ್ಮ ಮಾತಿನಲ್ಲಿ ಪೂರ್ತಿ ಮನುಷ್ಯ ಎಲ್ಲಿ ಬರುತ್ತಾನೆ ಹೇಳಿ. ಗೆಳೆಯ ಕೈ ಕೊಡುತ್ತಾನೆ. ಬಂದ ಬೀಗರು ತಲೆ ತಿನ್ನುತ್ತಾರೆ. ಸಿಟ್ಟಿಗೆದ್ದವಳು ಮೂಗು ಮುರಿಯುತ್ತಾಳೆ, ದೊಡ್ಡ ಮನಸ್ಸಿನವಳು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ಪೊಲೀಸರು ಕಂಡರೆ ಕಾಲಿಗೆ ಬುದ್ಧಿ ಹೇಳುತ್ತೇವೆ. ಬುದ್ಧಿ ಇದ್ದದ್ದು ತಲೆಯಲ್ಲಿ, ಹೇಳುವುದು ಕಾಲಿಗೆ. ಇಡೀ ದಿನ ಒಬ್ಬರನ್ನೊಬ್ಬರು ತುಂಡು ತುಂಡಾಗಿಯೇ ಬಳಸುತ್ತೇವೆ. ಆದರೂ ಕಂಚಿನಲ್ಲಿ ಒಂದು ತುಂಡು ಕಂಡರೆ "ಉಳದದ್ದು ಎಲ್ಲಿ?" ಎಂದು ಎಲ್ಲರೂ ಕೇಳುತ್ತಾರೆ. ಇದು ನನಗೆ ಬಗೆಹರಿದಿಲ್ಲ.

ಆ ಬೆನ್ನು ಸಿಕ್ಕಿದ್ದು ಧಾರವಾಡದಲ್ಲಿ. ಹೆಂಡತಿ ಸುಮಿತ್ರಾಳ ಕಣ್ಣು ತೋರಿಸಲು ಹೋಗಿದ್ದೆ. ಆಸ್ಪತ್ರೆಯಲ್ಲಿ ಅವಳ ಕಣ್ಣಿಗೆ ಔಷಧದ ಹನಿ ಹಾಕಿ, ಸ್ವಲ್ಪ ಹೊತ್ತು ಮುಚ್ಚಿಕೊಂಡು ಕೂಡ್ರಿ ಎಂದು ಹೇಳಿದ್ದರು. ಒಳಗೆ ಸೆಕೆ. ಎದುರಿನ ಕಟ್ಟಡದಲ್ಲಿ ಫ್ಯಾನು ತಿರುಗುವುದು ಕಂಡಿತು, ಹೊಕ್ಕೆ. ಅದು ಶಿಲ್ಪಗಳ ಪ್ರದರ್ಶನ. ನಡುವೆ ಮೊಳದಷ್ಟು ಎತ್ತರದ ಆ ಬೆನ್ನು. ಮುಖ ನೋಡೋಣವೆಂದು ಮುಂದೆ ಹೋದರೆ ಮುಂದೆ ಏನೂ ಇಲ್ಲ, ಪೊಳ್ಳು. ಮತ್ತೆ ಹಿಂದೆ ಬಂದೆ. ಬೆನ್ನು ಎಷ್ಟು ಜೀವಂತ ಇತ್ತೆಂದರೆ, ನಾನು ಹಿಂದೆ ಬರುವಷ್ಟರಲ್ಲಿ ಮುಂದೆ ಮುಖ ಬಂದಿರಬಹುದೆಂದು ಮತ್ತೆ ಮುಂದೆ ಹೋದೆ. ಮೂಲೆಯಲ್ಲಿ ಖುರ್ಚಿ ಹಾಕಿಕೊಂಡು ಚುರಮರಿ ತಿನ್ನುತ್ತಿದ್ದ ಒಬ್ಬ ಹೆಣ್ಣುಮಗಳು ಇದನ್ನೆಲ್ಲ ನೋಡುತ್ತಿದ್ದರು.

"ಏನ ಹುಡಕ್ತೀರಿ?"

"ಮಾರಿ ಹುಡಕಾಕತ್ತೇನ್ರಿ."

"ಎಲ್ಲಾರೂ ಅದನ್ನಽ ಹುಡಕ್ತಾರ್ರಿ. ನಾನೂ ಹುಡಕೇನಿ" ಅಂದರು. ಅವರೇ ಅದನ್ನು ಮಾಡಿದವರು, ವಿದ್ಯಾ ಮೇಡಂ.

ಅವರು ತಿಳಿಸಿ ಹೇಳಿದರು. ಮೊದಲು ಮೂರ್ತಿ ಮಾಡಿ ಅದರ ಅಚ್ಚು ತೆಗೆಯುತ್ತಾರೆ, ಆಮೇಲೆ ಕಂಚು ಹೊಯ್ಯುತ್ತಾರೆ. ಎಂಟು ಹೊಯ್ದ ಮೇಲೆ ಅಚ್ಚು ಒಡೆದು ಹಾಕುತ್ತಾರೆ. ಒಂಬತ್ತನೆಯದು ಜಗತ್ತಿನಲ್ಲಿ ಹುಟ್ಟುವುದಿಲ್ಲ. ಒಂದೊಂದರ ಮೇಲೂ ಎಂಟರಲ್ಲಿ ಎಷ್ಟನೆಯದೆಂದು ಅಂಕಿ ಕೆತ್ತಿರುತ್ತದೆ. "ಛಲೋ ಇದ್ದ ಅಚ್ಚು ಯಾಕ ಒಡೀತೀರಿ?" ಎಂದೆ. "ಒಡೀಲಿಲ್ಲಂದ್ರ ಇದ್ದದ್ದಕ್ಕ ಕಿಮ್ಮತ್ತು ಉಳಿಯಂಗಿಲ್ರಿ" ಅಂದರು. ನಾನು ಬೀಜದ ವ್ಯಾಪಾರಿ. ಒಂದು ಹಾಕಿದರೆ ನೂರಾಗಬೇಕೆಂಬುದೇ ನಮ್ಮ ಧರ್ಮ. ಎಂಟಕ್ಕೆ ನಿಲ್ಲುವುದೇ ಮರ್ಯಾದೆ ಎಂಬ ಮಾತು ನನ್ನ ತಲೆಗೆ ಹೋಗಲಿಲ್ಲ. ಆದರೆ ಬೆನ್ನು ಬಿಟ್ಟು ಬರಲು ಕಾಲು ಏಳಲಿಲ್ಲ.

ಸುಮಿತ್ರಾಳನ್ನು ಕರೆತಂದು ತೋರಿಸಿದೆ. ಅವಳ ಕಣ್ಣು ಇನ್ನೂ ಮಬ್ಬು. "ಭಾಳ ಛಲೋ ಅದಾನಲ್ರಿ, ಎತ್ತರಕ್ಕ ತಕ್ಕ ಮೈ. ತೊಗೊಳ್ರಿ" ಅಂದಳು. ಮನೆಗೆ ಬರುವಷ್ಟರಲ್ಲಿ ಕಣ್ಣು ತಿಳಿಯಾಗಿತ್ತು. ಮೇಜಿನ ಮೇಲಿಟ್ಟ ಬೆನ್ನನ್ನು ನೋಡಿ, "ಉಳದದ್ದು ಕಾರಿನ್ಯಾಗ ಬಿಟ್ಟ ಬಂದ್ರೇನು?" ಎಂದು ಕೇಳಿದಳು. ಎಷ್ಟು ಕೊಟ್ಟೆನೆಂದು ಇಲ್ಲಿ ಬರೆಯುವುದಿಲ್ಲ. ಅವಳ ಕಣ್ಣು ಈಗ ಅಗದಿ ನಿಚ್ಚಳ ಇವೆ, ಇದನ್ನು ಓದುತ್ತಾಳೆ.

ಇನ್ನು ನೀಲವ್ವತ್ತೆಯ ವಿಷಯಕ್ಕೆ ಬರಬೇಕು. ಬರದೆ ಗತಿಯಿಲ್ಲ.

ನೀಲವ್ವತ್ತೆ ನನ್ನ ತಂದೆಯ ಅಕ್ಕ. ಕಲಘಟಗಿ ಕಡೆಯ ಬಮ್ಮಿಗಟ್ಟಿಗೆ ಕೊಟ್ಟಿದ್ದರು. ಗಂಡ ಬೇಗ ಹೋದ. ಅದೇ ಹೊತ್ತಿಗೆ ಇಲ್ಲಿ ನನ್ನ ಅವ್ವ ತೀರಿಕೊಂಡಳು. ನನಗಿನ್ನೂ ಮಾತು ಬಂದಿರಲಿಲ್ಲ. ಅತ್ತೆ ತವರಿಗೆ ಬಂದಳು, ನನಗೆ ಮಾತು ಬಂತು. ಹಾಗಾಗಿ ನನ್ನ ಬಾಯಲ್ಲಿರುವ ಕನ್ನಡವೆಲ್ಲ ಆಕೆಯದು. ಇದರಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ಅಷ್ಟು ಮಾತ್ರ ನನ್ನದು.

ಆಕೆ ನೀರು ಎರೆಯುವಾಗ ನನ್ನ ಮೈಯ ಹಾಜರಿ ತೆಗೆದುಕೊಳ್ಳುತ್ತಿದ್ದಳು. "ಕಿವಿ ಬಂದ್ಯಾ? ಬಂದೆ. ಬಗಲು ಬಂದ್ಯಾ? ಬಂದೆ. ಮೊಣಕಾಲು ಎಲ್ಲಿ ಹೋತೋ, ಕೆಸರಾಗ ಆಡಾಕ ಹೋಗೇತೇನೋ?" ಪ್ರತಿಯೊಂದನ್ನೂ ತಿಕ್ಕಿ ಕರೆದು, ಎಲ್ಲರೂ ಬಂದರೆಂದು ಖಾತ್ರಿಯಾದ ಮೇಲೆಯೇ ಕೊನೆಯ ತಂಬಿಗೆ ನೀರು. ಒಮ್ಮೆ ಬೇಸರಕ್ಕೆ "ಮೂಗು ಬಂದಿಲ್ಲ" ಅಂದಿದ್ದೆ. ಆಕೆ ನಿಜವಾಗಿಯೂ ಬಚ್ಚಲ ಬಾಗಿಲು ತೆರೆದು, "ಲೇ ಮೂಗಾ, ನೀರು ಆರಾಕತ್ತೈತಿ, ಬಾರೋ" ಎಂದು ಹಿತ್ತಲಿಗೆ ಕೂಗಿದ್ದಳು. ನಾನು ಹೆದರಿ ಮುಖ ಮುಟ್ಟಿ ನೋಡಿಕೊಂಡಿದ್ದೆ.

ಲೆಕ್ಕವೂ ಆಕೆಯೇ ಕಲಿಸಿದ್ದು. ಶೇಂಗಾ ಸುಲಿಯುತ್ತ ಪಾವಕಿ, ನಿಮಕಿ, ದೀಡಕಿ ಮಗ್ಗಿಗಳು: ಕಾಲಿನವು, ಅರ್ಧದವು, ಒಂದೂವರೆಯವು. ಸಾಲೆಯಲ್ಲಿ ಮಾಸ್ತರರು ಇವಕ್ಕೆಲ್ಲ ಭಿನ್ನರಾಶಿ ಎಂಬ ಹೆಸರು ಹೇಳಿದಾಗ ನಾನು ಮನೆಗೆ ಬಂದು, "ಅತ್ತೀ, ಇವತ್ತ ಭಿನ್ನ ಕಲತೆ" ಅಂದೆ. ಆಕೆ ಗಾಬರಿಯಾಗಿ, "ಏನ ಒಡದ ಬಂದೀಯೋ?" ಎಂದಿದ್ದಳು. ಆಕೆಗೆ ಭಿನ್ನವೆಂದರೆ ಒಂದೇ ಅರ್ಥ. ಮುಕ್ಕಾದ ಮೂರ್ತಿ ಭಿನ್ನ, ಬಿರುಕು ಬಿಟ್ಟ ಕನ್ನಡಿ ಭಿನ್ನ. ಭಿನ್ನವಾದದ್ದು ಮನೆಯಲ್ಲಿ ಇರಬಾರದು. ಹೊಳೆಗೆ ಬಿಡಬೇಕು, ಇಲ್ಲವೇ ಊರ ಹೊರಗೆ ಗಿಡದ ಬುಡಕ್ಕೆ ಇಟ್ಟು ಹೊಳ್ಳಿ ನೋಡದೆ ಬರಬೇಕು.

ಹಾಗಿದ್ದರೆ ಬೆನ್ನನ್ನು ಯಾಕೆ ಸಹಿಸಿಕೊಂಡಳು? ಅದು ಬಟ್ಟೆ ಅಂಗಡಿಯಲ್ಲಿ ಅಂಗಿ ತೊಡಿಸಿ ನಿಲ್ಲಿಸುವ ಬೊಂಬೆ ಎಂದು ಆಕೆ ತಿಳಿದಿದ್ದಳು. "ಕೂಸಿನ ಅಂಗಿ ಅಂಗಡೀದು ಇರಬೇಕು" ಎಂದು ತನ್ನಷ್ಟಕ್ಕೆ ನಿರ್ಧರಿಸಿದ್ದಳು. ಆಮೇಲೆ ಕೈ ಬಂತು. ಅದರ ಬೆರಳಿಗೆ ತನ್ನ ಚಾಳೀಸು ಕನ್ನಡಕ ತೂಗುಹಾಕತೊಡಗಿದಳು. ಅರ್ಧ ಮುಖ ಬಂದು ಗೋಡೆಗೆ ಒರಗಿದಾಗ, "ಈ ಕಡೆ ಗ್ವಾಡಿ, ಆ ಕಡೆ ಇವಾ. ಉಳದ ಮಾರಿ ಗ್ವಾಡ್ಯಾಗ ಹೊಕ್ಕೈತಿ" ಅಂದಳು. ಎಲ್ಲಕ್ಕೂ ಆಕೆಯ ಹತ್ತಿರ ಒಂದೊಂದು ಸಮಾಧಾನ ಇತ್ತು. ಇಲ್ಲದೆ ಹೋದದ್ದು ಕಾಲಿಗೆ ಮಾತ್ರ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಆ ಕಾಲು ಬಂತು. ನಿಜವಾದ ಕಾಲಿನಷ್ಟೇ ದೊಡ್ಡದು, ಪಾದದ ಮೇಲಿನ ಹರಡಿನ ಗಂಟಿಗೆ ಕಡಿದಂತೆ ನಿಂತದ್ದು. ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು, ಕಿರುಬೆರಳು ಒಳಗೆ ಮಡಚಿಕೊಂಡಿತ್ತು. ಸುತ್ತಿದ್ದ ಹುಲ್ಲು ಬಿಡಿಸಿ ಜಮಖಾನದ ಮೇಲೆ ಇಟ್ಟೆ. ಅತ್ತೆ ಬತ್ತಿ ಹೊಸೆಯುವುದನ್ನು ಬಿಟ್ಟು ಹತ್ತಿರ ಬಂದು ಆ ಬಿರುಕುಗಳ ಮೇಲೆ ಬೆರಳು ಆಡಿಸಿದಳು.

"ಎರಿ ಹೊಲದಾಗ ನಡದ ಕಾಲು ಇದು" ಅಂದಳು. ನನಗೆ ಖುಷಿಯಾಯಿತು. ಆಮೇಲೆ ಅದನ್ನು ಮಗುಚಿ ಅಂಗಾಲು ನೋಡಿದಳು. ಚಾಳೀಸು ತರಿಸಿಕೊಂಡಳು. "ಇಲ್ಲೇನ ಬರದಾರ? ಮ್ಯಾಲೆ ಮೂರು, ಗೀಟು, ಕೆಳಗ ಎಂಟು."

"ಎಂಟರಾಗ ಮೂರನೇದು ಅಂತ ಅತ್ತಿ."

"ಸಾಲ್ಯಾಗ ಇದಕ್ಕ ಏನಂತಿದ್ರಿ?"

"ಭಿನ್ನ..." ಬಾಯಿ ಜಾರಿತ್ತು. "ಲೆಕ್ಕದ ಭಿನ್ನ ಬ್ಯಾರೆ, ನೀ ಅನ್ನೂ ಭಿನ್ನ ಬ್ಯಾರೆ..."

"ಎಲ್ಲಾ ಭಿನ್ನಾನೂ ಒಂದಽ. ಲೇ ಶಿವ್ಯಾ, ತಾ ಭಿನ್ನ ಅಂತ ಅದಽ ಅಂಗಾಲಾಗ ಬರಕೊಂಡ ಬಂದೈತಿ, ಇನ್ನ ನೀ ಏನ ಮುಚ್ಚಿ ಹೇಳ್ತಿ?"

ಅಡಿಗೆಮನೆಯಿಂದ ಸುಮಿತ್ರಾ ನಕ್ಕದ್ದು ಕೇಳಿಸಿತು. ನಾನು ಅಚ್ಚು, ಎರಕ, ಎಂಟು ಪ್ರತಿ ಎಂದು ಇದ್ದಬದ್ದ ವಿದ್ಯೆಯನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿದಳು.

"ಅಂದ್ರ ಇನ್ನ ಏಳು ಮಂದಿ ಮನ್ಯಾಗ ಇಂಥಾದ್ದ ಕಾಲು ಐತಿ?"

"ಹೌದು."

"ಅವರ ಮನ್ಯಾಗೂ ಬರೇ ಕಾಲು?"

"ಹೌದತ್ತಿ."

"ಹಂಗಾರ ಮೈ ಯಾರ ಮನ್ಯಾಗೈತಿ?"

ನಾನು ಕಾಲನ್ನು ಎತ್ತಿ, ಕಡಿದ ಕಡೆಯಿಂದ ಒಳಗೆ ಇಣುಕಿ ನೋಡಿದೆ.

"ಅದರ ಮೈ ಎಲ್ಲೈತಿ ಅಂತ ತಿಳಕೊಂಡ ಬಂದು ಹೇಳು, ನಾ ಸುಮ್ಮನಿರತೇನಿ. ಇಲ್ಲಂದ್ರ ಚನ್ನಬಸೂಗ ಫೋನ್ ಹಚ್ಚು, ಬಂದು ಕರಕೊಂಡ ಹೋಗ್ಲಿ. ಭಿನ್ನ ಇದ್ದ ಮನ್ಯಾಗ ನಾ ಉಣ್ಣಂಗಿಲ್ಲ" ಅಂದಳು. ಚನ್ನಬಸು ಬಮ್ಮಿಗಟ್ಟಿಯಲ್ಲಿರುವ ಆಕೆಯ ಮೈದುನನ ಮಗ. ಆ ದಿನದಿಂದ ಆಕೆಯ ತಾಟು ಹಿತ್ತಲಿಗೆ ಹೋಯಿತು. ಕರಿಬೇವಿನ ಗಿಡದ ಕೆಳಗೆ ಕೂತು ಉಣ್ಣುತ್ತಿದ್ದಳು. ಅದು ಮನೆಯ ಒಳಗಲ್ಲ ಎಂಬ ಲೆಕ್ಕ. ಬಿಸಿಲಿನಲ್ಲಿ ಒಬ್ಬಳೇ ಕೂತು ರೊಟ್ಟಿ ಮುರಿಯುವ ಮುದುಕಿಯನ್ನು ನೋಡಿದರೆ ನಾನು ಅರ್ಧಕ್ಕೇ ತಾಟು ಬಿಟ್ಟು ಏಳುತ್ತಿದ್ದೆ. ಕಾಲನ್ನು ಅಂಗಡಿಗೆ ಒಯ್ದು ಇಡಲೇ ಎಂದು ಕೇಳಿದೆ. "ಅಂಗಡಿ ಯಾರ ಮನೀದು?" ಅಂದಳು. ಮಾರಿಬಿಡಲೇ ಎಂದೆ. "ಮತ್ತೊಬ್ಬರ ಮನೀಗೆ ಭಿನ್ನ ಹೊರಸ್ತೀ?" ಅಂದಳು.

ಕಡೆಗೆ ವಿದ್ಯಾ ಮೇಡಂಗೆ ಫೋನ್ ಮಾಡಿದೆ, ಅತ್ತೆಗೂ ಕೇಳಲೆಂದು ಸ್ಪೀಕರ್ ಹಾಕಿ.

"ಮೈ ಇಲ್ರಿ" ಅಂದರು ಅವರು. "ಮೊದಲಿಂದಾನೂ ಇದ್ದಿದ್ದಿಲ್ಲ. ಕಾಲು ಅಷ್ಟಽ ಹುಟ್ಟಿದ್ದು."

ಅತ್ತೆ ಫೋನ್ ಕಸಿದುಕೊಂಡಳು. "ಯವ್ವಾ, ಯಾರ ಕಾಲು ನೋಡಿ ಮಾಡೀದಿ ಇದನ್ನ?"

"ಯಾರದೂ ಅಲ್ರಿ ಅಜ್ಜಿ. ಮನಸ್ಸಿನ್ಯಾಗ ಬಂತು, ಮಾಡಿದೆ."

"ಬಂತು ಅಂದ್ರ ನಡಕೋತ ಬಂದಿರಬೇಕಲ್ಲ? ಮೈ ಬಿಟ್ಟು ಕಾಲೊಂದ ಹೆಂಗ ನಡದ ಬಂತು?"

ಆ ಕಡೆಯಿಂದ ಮೆಲ್ಲಗೆ, "ನನಗೂ ತಿಳೀವಲ್ದು ನೋಡ್ರಿ ಅಜ್ಜಿ" ಎಂಬ ಮಾತು ಬಂತು. ಮಾಡಿದವರಿಗೇ ಗೊತ್ತಿಲ್ಲ, ಕೊಂಡವನಿಗೆ ಮೊದಲೇ ಗೊತ್ತಿಲ್ಲ. ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು ಬಟ್ಟೆ ಕಟ್ಟಿಕೊಳ್ಳಲು ಎದ್ದಳು.

ಚನ್ನಬಸು ಜೀಪು ತಂದ. ಆಕೆ ಗಂಟು ಹಿಡಿದು ಬಂದವಳು ಸೀದಾ ಕಾಲಿನ ಹತ್ತಿರ ಹೋಗಿ, ಅದನ್ನು ತನ್ನ ಹಳೆಯ ಇಳಕಲ್ ಸೀರೆಯಲ್ಲಿ ಕೂಸಿನಂತೆ ಸುತ್ತಿ ಬಗಲಿಗೆ ಎತ್ತಿಕೊಂಡಳು.

"ಅತ್ತೀ! ಅದರ ಸಲವಾಗೇ ಹೊಂಟೀದಿ, ಅದನ್ನಽ ಒಯ್ತಿ?"

"ಮತ್ತ ಇಲ್ಲೇ ಬಿಡ್ಲೇನು? ಮನೀ ಮಗಾ ಭಿನ್ನ ಇಟಗೋಬಾರದು. ಹೋಗಾವ್ರು ಒಯ್ಬೇಕು."

"ದೊಡ್ಡವ್ವಾ, ವಜ್ಜಿ ಐತಿ, ಇಲ್ಲೆ ಕೊಡು" ಎಂದು ಚನ್ನಬಸು ಕೈ ಚಾಚಿದ. ಕೊಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಜೀಪಿನಲ್ಲಿ ಕೂತಳು. ನಾನು ಸಣ್ಣವನಿದ್ದಾಗ ಸಾಲೆಗೆ ಹೊರಡುವಾಗ "ಹೋಗತೇನಿ" ಅಂದರೆ ಬಾಯಿಗೆ ಹೊಡೆಯುತ್ತಿದ್ದವಳು ಈಕೆ. "ಹೋಗಿ ಬರತೇನಿ ಅನ್ನು, ಬರೇ ಹೋಗಾವ್ರು ಹೊಳ್ಳಿ ಬರಾವ್ರಲ್ಲ" ಎಂದು ತಿದ್ದಿದವಳು. ಆ ದಿನ ಜೀಪು ಚಾಲೂ ಆದಾಗ ನನ್ನ ಕಡೆ ನೋಡಿ, "ಹೋಗತೇನಪಾ" ಅಂದಳು. ಅಷ್ಟೇ ಅಂದಳು. ಮುಂದಿನ ಶಬ್ದಕ್ಕಾಗಿ ನಾನು ಜೀಪಿನ ಹಿಂದೆ ನಾಲ್ಕು ಹೆಜ್ಜೆ ಹೋದೆ. ಧೂಳು ಬಂತು.

ಸಂಜೆ ಪಡಸಾಲೆಯಲ್ಲಿ ಕೂತು ನಿಟ್ಟುಸಿರು ಬಿಟ್ಟಾಗ ಸುಮಿತ್ರಾ ಕೇಳಿದಳು, "ಒಂದ ಮಾತು ಖರೇ ಹೇಳ್ರಿ. ಕಾಲು ಹೋತಂತ ಚಿಂತೀನೋ, ಅತ್ಯಾರು ಹೋದ್ರಂತ ಚಿಂತೀನೋ?"

"ಏನ ಕೇಳ್ತೀ? ಅತ್ತಿ ಹೋದಳಂತ."

"ಹಂಗಾರ ಮ್ಯಾಲಿಂದ ಮ್ಯಾಲೆ ಜಮಖಾನಾ ಯಾಕ ನೋಡಾಕತ್ತೀರಿ?"

ನಿಜವೇ. ಜಮಖಾನದ ಮೇಲೆ ಕಾಲು ಇದ್ದ ಜಾಗದಲ್ಲಿ ನೂಲು ಒತ್ತಿಕೊಂಡು ಗುರುತು ಬಿದ್ದಿತ್ತು. ಅದೇ ಜಾಗದ ಪಕ್ಕ ಅತ್ತೆ ಬತ್ತಿ ಹೊಸೆಯಲು ಕೂರುತ್ತಿದ್ದದ್ದು. ನಾನು ನೋಡುತ್ತಿದ್ದದ್ದು ಯಾವುದನ್ನು? ನಿಮಗೆ ಹೇಳಬೇಕೆಂದು ಈಗಲೂ ಪ್ರಯತ್ನ ಪಡುತ್ತಿದ್ದೇನೆ.

ಮನೆ ಮೂಕವಾಯಿತು. ಫೋನ್ ಮಾಡಿದರೆ ಚನ್ನಬಸು ಎತ್ತಿ, "ಆರಾಮದಾಳ್ರಿ ಅಣ್ಣಾರ, ಹೊಲಕ್ಕ ಹೋಗ್ಯಾಳ" ಅನ್ನುವನು. ಯಾವಾಗ ಮಾಡಿದರೂ ಹೊಲಕ್ಕೆ. ಆ ವಯಸ್ಸಿನಲ್ಲಿ ಆಕೆಗೆ ಹೊಲದಲ್ಲಿ ಏನು ಕೆಲಸ? ಕೇಳಿದರೆ ಅವನು ನಗುವನು. ರಾಜೇಸಾಬ ಕಾಕಾ ಒಂದು ದಿನ ಅಂಗಡಿಗೇ ಬಂದು ಬೈದರು. "ಲೇ, ಪ್ಯಾಸೆಂಜರ್ ಇಳದು ಹೋಗ್ಯಾರಂದ್ರ ಕೂಗಿ ಕರೀಬೇಕೋ, ಬಸ್ಸಿನ್ಯಾಗ ಕುಂತು ಅಳಬೇಕೋ? ಏಳು." ಎದ್ದೆ. ಅಂಗಡಿ ಬಾಗಿಲು ಎಳೆದು, ಹುಬ್ಬಳ್ಳಿ ದಾಟಿ, ಕಲಘಟಗಿಯ ದಾರಿ ಹಿಡಿದೆ.

ನಮ್ಮ ನವಲಗುಂದದ ಕಡೆ ಎರೆ ಭೂಮಿ. ಕಣ್ಣು ಹೋದಷ್ಟು ದೂರ ಕರಿ ಮಣ್ಣು, ಎಸೆಯಬೇಕೆಂದರೂ ಒಂದು ಕಲ್ಲು ಸಿಗುವುದಿಲ್ಲ. ಬಮ್ಮಿಗಟ್ಟಿಯ ಕಡೆ ಮಣ್ಣು ಕೆಂಪಾಗುತ್ತದೆ, ಗಿಡಮರ ಬರುತ್ತವೆ, ಬದುವಿಗೊಂದು ಹಳೆಯ ಕಲ್ಲು. ಚನ್ನಬಸು ಹೊಲದ ದಾರಿ ತೋರಿಸಿ, "ಅಜ್ಜನ ಕಡೆ ಇರತಾಳ ನೋಡ್ರಿ" ಅಂದ.

"ಯಾ ಅಜ್ಜ?"

"ಹೋಗ್ರಿ, ನೀವಽ ನೋಡ್ರಿ."

ಗೋವಿನಜೋಳದ ಹೊಲದ ಅಂಚಿನಲ್ಲಿ ಒಂದು ಹುಣಸೆಮರ. ಅದರ ಬುಡದಲ್ಲಿ ಸೊಂಟದೆತ್ತರದ ಒಂದು ಕಲ್ಲಿನ ಮನುಷ್ಯ. ಯಾವ ಕಾಲದವನೋ, ಯಾವ ಜಗಳದಲ್ಲಿ ಸತ್ತವನೋ. ಮುಖ ಸವೆದು ನುಣ್ಣಗಾಗಿದೆ, ಕತ್ತಿ ಹಿಡಿದ ಕೈ ಮುರಿದಿದೆ, ಒಂದು ಕಾಲು ಮೊಣಕಾಲ ಕೆಳಗೆ ಇಲ್ಲ. ಇಲ್ಲದ ಕಡೆ, ಮಣ್ಣು ಕಟ್ಟಿ ಗಟ್ಟಿ ಮಾಡಿ, ನನ್ನ ಎಂಟರಲ್ಲಿ ಮೂರನೆಯ ಕಾಲು. ಕಲ್ಲಿನ ಮೈಗೆ ಅದು ಬಹಳ ದೊಡ್ಡದಾಗಿತ್ತು, ಅಪ್ಪನ ಚಪ್ಪಲಿ ಮೆಟ್ಟಿಕೊಂಡ ಕೂಸಿನ ಹಾಗೆ. ಎಣ್ಣೆ ಸವರಿದ್ದರು. ಬೆರಳುಗಳ ಸಂದಿನಲ್ಲಿ ಸೇವಂತಿಗೆಯ ಎಸಳು. ಅತ್ತೆ ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಬುತ್ತಿಯ ಗಂಟು ಬಿಚ್ಚಿತ್ತು; ಆಗಷ್ಟೇ ಊಟವಾಗಿರಬೇಕು.

"ಬಂದ್ಯಾ? ಕುಂಡ್ರು" ಅಂದಳು. "ಮೈ ಎಲ್ಲೈತಿ ಅಂತ ನೀ ಹೇಳಲಿಲ್ಲ, ನಾನಽ ಹುಡಕಿದೆ. ಮದಿವ್ಯಾಗಿ ಈ ಊರಿಗೆ ಬಂದಾಗಿಂದ ನೋಡೇನಿ, ಒಂಟಿಗಾಲಿನ್ಯಾಗ ನಿಂತಿದ್ದ. ಹೊಲಕ್ಕ ಬುತ್ತಿ ಒಯ್ಯಾಗ ನಿಮ್ಮ ಮಾವ ಅಂತಿದ್ದ, ನೋಡ ನೀಲೀ, ಅಜ್ಜಗ ಎಷ್ಟ ಬ್ಯಾನಿ ಆಗಿರಬೇಕು ಅಂತ."

ನಾನು ಬಗ್ಗಿ ನೋಡಿದೆ. ಮತ್ತೆ ನೋಡಿದೆ. ನನ್ನ ಎರಡೂ ಕಾಲನ್ನು ನೋಡಿಕೊಂಡು ಖಾತ್ರಿ ಮಾಡಿಕೊಂಡೆ.

"ಅತ್ತೀ, ಅಜ್ಜಗ ಇಲ್ಲದ್ದು ಬಲಗಾಲು."

"ಹೂಂ."

"ನೀ ಹಚ್ಚಿದ್ದು ಎಡಗಾಲು."

"ಗೊತ್ತೈತಿ. ಮಣ್ಣು ಒಣಗಿದ ಮ್ಯಾಲೆ ಗೊತ್ತಾತು."

"ಎರಡೂ ಎಡಗಾಲು ಆದೂವಲ್ಲಬೇ!"

"ಆದ್ರ ಏನಾತು? ಅಂವ ಹುಬ್ಬಳ್ಳಿತನಕ ನಡಕೋತ ಹೋಗಾವನೇನು? ಊರಿಕೊಂಡು ನಿಂದ್ರಾಕ ಯಾ ಕಾಲಾದ್ರೇನು?"

ನಾನು ನಕ್ಕೆ. ಆಕೆ ನಗಲಿಲ್ಲ. ಬತ್ತಿಯನ್ನು ಕೆಳಗಿಟ್ಟು, ನನ್ನ ಮುಖ ನೋಡದೆ ಅಂದಳು: "ನೀ ರೊಕ್ಕಾ ಕೊಟ್ಟ ತಂದದ್ದು. ಬೇಕಂದ್ರ ತಗದಕೋ. ಮಣ್ಣು ಕೆದರಿದ್ರ ಬರತೈತಿ. ನಾ ಏನೂ ಅನ್ನಂಗಿಲ್ಲ."

ಬೇಕೇ? ಬೇಕಾಗಿತ್ತು. ಎಣ್ಣೆ ಕುಡಿದು ಆ ಕಂಚು ನಮ್ಮ ಪಡಸಾಲೆಯಲ್ಲಿ ಎಂದೂ ಇರದಷ್ಟು ಹೊಳೆಯುತ್ತಿತ್ತು. ಸುಳ್ಳು ಯಾಕೆ, ನಾನು ಕುಕ್ಕರಗಾಲಿನಲ್ಲಿ ಕೂತು ಅದರ ಹರಡನ್ನು ಎರಡೂ ಕೈಯಿಂದ ಹಿಡಿದೆ. ಅಷ್ಟರಲ್ಲಿ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಇಬ್ಬರು ಹೆಂಗಸರು ನಿಂತರು.

"ಯಾರ್ರೀ ಅವ್ರು? ಅಜ್ಜನ ಕಾಲಿಗೆ ಯಾಕ ಕೈ ಹಾಕ್ಯಾರ?"

"ಯಣ್ಣಾ, ಸಾವಕಾಶ! ಜಗ್ಗಬ್ಯಾಡ್ರಿ! ಈಗರೇ ಕಾಲು ಬಂದೈತಿ ಅವಗ, ಭಿನ್ನ ಆದೀತು!"

ಸಹಾಯಕ್ಕೆಂದು ಅತ್ತೆಯ ಕಡೆ ನೋಡಿದೆ. ಆಕೆ ಹುಣಸೆಮರದಲ್ಲಿ ಏನೋ ಹಕ್ಕಿ ಕಂಡವಳಂತೆ ಮೇಲೆ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಇದ್ದರೂ ಭಿನ್ನ; ಇಲ್ಲಿಂದ ಕಿತ್ತರೂ ಭಿನ್ನ. ಭಿನ್ನ ಇರುವುದು ಕಾಲಿನಲ್ಲೋ, ಕಲ್ಲಿನಲ್ಲೋ, ನನ್ನಲ್ಲೋ? ಹಿಡಿದ ಕೈಯನ್ನು ಬಿಡಬೇಕು, ಬಿಟ್ಟರೆ ಕಳ್ಳನಂತೆ ಕಾಣುತ್ತೇನೆ. ಏನು ಮಾಡುವುದೆಂದು ತಿಳಿಯದೆ ಹಾಗೇ ಬಗ್ಗಿ ಅದಕ್ಕೆ ಹಣೆ ಹಚ್ಚಿದೆ. ಹೆಂಗಸರು, "ಹಾಂ, ಭಕ್ತರು ಬಂದಾರ" ಎಂದು ಸಮಾಧಾನವಾಗಿ ಮುಂದೆ ಹೋದರು. ಹಣೆಗೆ ಎಣ್ಣೆ ಹತ್ತಿತು.

"ಇಲ್ಲೇ ಇರ್ಲಿ ಬಿಡು" ಅಂದೆ.

ಅತ್ತೆ ತನ್ನ ಸೆರಗಿನಿಂದ ನನ್ನ ಹಣೆ ಒರೆಸಿದಳು. ಬುತ್ತಿ ಕಟ್ಟಿಕೊಂಡು, ನನ್ನ ಭುಜ ಹಿಡಿದು ಎದ್ದು, "ನಡಿ, ಮನೀಗೆ ಹೋಗೂಣು. ಬಿಸಲಾತು" ಅಂದಳು.

ಯಾವ ಮನೆಗೆ ಎಂದು ಕೇಳುವ ಧೈರ್ಯವಾಗಲಿಲ್ಲ. ಕಾರಿನ ಬಾಗಿಲು ತೆರೆದೆ, ಮುಂದಿನ ಸೀಟಿನಲ್ಲಿ ಕೂತಳು. ಹೊಲದ ದಾರಿ ಮುಗಿದ ಕಡೆ ರಸ್ತೆ ಎರಡಾಗುತ್ತದೆ. ಎಡಕ್ಕೆ ಹೋದರೆ ಊರೊಳಗೆ, ಚನ್ನಬಸುವಿನ ಮನೆ. ಬಲಕ್ಕೆ ಹೋದರೆ ಡಾಂಬರು ರಸ್ತೆ, ಹುಬ್ಬಳ್ಳಿ, ನವಲಗುಂದ. ಅಲ್ಲಿಗೆ ಬಂದು ನನ್ನ ಕೈ ಸ್ಟೇರಿಂಗಿನ ಮೇಲೆ ಸುಮ್ಮನಾಯಿತು. ಕಾರು ನಿಂತೇ ನಿಂತಿತು.

"ಯಾಕ ನಿಂದರಸಿದಿ?"

"ಯಾ ಕಡೆ ಅಂತ..."

"ಆಗಿಂದ ಎಡ ಯಾವುದು, ಬಲ ಯಾವುದು ಅಂತ ನನಗಽ ಸಾಲಿ ಕಲಸಾಕತ್ತಿದ್ದಿ, ಈಗ ನಿನಗಽ ತಿಳೀವಲ್ದೇನು?" ಆಕೆ ಸೀಟಿನಲ್ಲಿ ಹಿಂದಕ್ಕೆ ಸರಿದು ಕೂತಳು. "ಬಲಕ್ಕ ಹೊಳ್ಳಸು. ಸುಮಿತ್ರಾಗ ಫೋನ್ ಹಚ್ಚಿ, ನನ್ನ ತಾಟು ಒಳಗ ತಂದಿಡಂತ ಹೇಳು."